ಆದಿಕಾಂಡ, ವಿಕಾಸವಾದ, ಕ್ರೈಸ್ತ ನಂಬಿಕೆ: ಯಾವ ದಾರಿಗೆ ಎಷ್ಟು ಬೆಲೆ?

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ವಿಕಾಸದ ಪಾಠ ನಡೆಯುವ ದಿನಗಳಲ್ಲಿ ಸಂಡೇ ಸ್ಕೂಲ್ ಟೀಚರಿಗೋ ಸಭಾಪಾಲಕರಿಗೋ ಒಂದು ಪ್ರಶ್ನೆ ಬಂದೇ ಬರುತ್ತದೆ: "ಹಾಗಾದರೆ ಆದಾಮ ಇದ್ದದ್ದು ನಿಜವಾ, ಸುಳ್ಳಾ?" 2023ರಲ್ಲಿ 10ನೇ ತರಗತಿಯ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟ ಮೇಲೆ, ಆ ಪುಸ್ತಕ ಓದುವ ಮಕ್ಕಳಿಗೆ ಈ ವಿಷಯ ವಿವರವಾಗಿ ಎದುರಾಗುವುದೇ ಹದಿನೇಳನೇ ವಯಸ್ಸಿನಲ್ಲಿ, ನೀಟ್ ಕೋಚಿಂಗಿನ ಗಡಿಬಿಡಿಯ ನಡುವೆ. ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡೇ. ಒಂದು, "ಅದು ಬರೀ ವಾದ, ತಲೆ ಕೆಡಿಸಿಕೊಳ್ಳಬೇಡ." ಇನ್ನೊಂದು, "ಪರೀಕ್ಷೆಯಲ್ಲಿ ಬರೆದುಬಿಡು, ನಂಬೋದು ಬೇರೆ." ಮೊದಲನೆಯದು ನಿಜವಲ್ಲ. ಎರಡನೆಯದು ಮಕ್ಕಳಿಗೆ ಎರಡು ನಾಲಿಗೆಯ ಬದುಕನ್ನು ಕಲಿಸುತ್ತದೆ.

ದೇವರನ್ನು ನಂಬುವ ಕ್ರೈಸ್ತರ ಮುಂದೆ ಇರುವ ದಾರಿಗಳು ನಾಲ್ಕೈದು. ಯಾವುದೂ ಪುಕ್ಕಟೆಯಲ್ಲ. ಕೆಲವು ದಾರಿಗಳಲ್ಲಿ ಬೆಲೆ ತೆರಬೇಕಾದದ್ದು ಭೂವಿಜ್ಞಾನಕ್ಕೆ, ಕೆಲವಲ್ಲಿ ದೇವಶಾಸ್ತ್ರಕ್ಕೆ. ಆರಿಸುವ ಮೊದಲೇ ಆ ಬೆಲೆ ಗೊತ್ತಿರಲಿ ಎಂಬುದಕ್ಕೆ ಈ ಹೋಲಿಕೆ.

ಹೊರಡುವ ಮುಂಚೆ ಎರಡು ಮಾತು

ಕನ್ನಡದಲ್ಲಿ ಒಂದು ಹೆಚ್ಚುವರಿ ತೊಡಕಿದೆ. ನಾವು "ವಿಕಾಸವಾದ" ಎನ್ನುತ್ತೇವೆ. ವಾದ ಎಂದ ಕೂಡಲೇ ಪ್ರತಿವಾದವೂ ಇರಬೇಕು, ಇಬ್ಬರನ್ನೂ ಕೂರಿಸಿ ಕೇಳಬೇಕು ಅನ್ನಿಸುತ್ತದೆ. ಆದರೆ ಜೀವವಿಜ್ಞಾನದಲ್ಲಿ ಇದು ಗುರುತ್ವದಂತೆಯೇ ಸಿದ್ಧಾಂತ: ಪಳೆಯುಳಿಕೆ, ಅಂಗರಚನೆ, ಡಿಎನ್‌ಎ, ಪ್ರಾಣಿಗಳ ಭೌಗೋಳಿಕ ಹಂಚಿಕೆ ಎಂಬ ನಾಲ್ಕು ಬೇರೆಬೇರೆ ಸಾಕ್ಷಿಗಳು ಒಂದೇ ಕಡೆ ಬೆರಳು ತೋರಿಸಿದಾಗ ನಿಂತ ವಿವರಣೆ. "ಮಂಗನಿಂದ ಮಾನವ" ಎಂಬ ಘೋಷಣೆಯೂ ತಪ್ಪು. ಇಂದಿನ ಯಾವ ಮಂಗವೂ ನಮ್ಮ ಅಜ್ಜನಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜ ಕುಲವಿತ್ತು. ಅಂದರೆ ಅವು ದಾಯಾದಿಗಳು.

ಎರಡನೆಯದು, ಯಾವುದು ನಂಬಿಕೆಯ ತಿರುಳು, ಯಾವುದು ಅದರ ಸುತ್ತಲಿನ ಬೇಲಿ ಎಂದು ತಿಳಿದಿರಬೇಕು. ನೈಸಿಯ ವಿಶ್ವಾಸಪ್ರಮಾಣ 325 ಮತ್ತು 381ರ ಸಭೆಗಳಲ್ಲಿ ರೂಪುಗೊಂಡದ್ದು; ಕಥೋಲಿಕರೂ ಸಿಎಸ್‌ಐನವರೂ ಆರ್ಥೊಡಾಕ್ಸ್ ಸಭೆಯವರೂ ಒಪ್ಪುವ ಪಠ್ಯ. ದೇವರು ಭೂಮ್ಯಾಕಾಶಗಳ ನಿರ್ಮಾಣಿಕನೆಂದು ಅದು ಹೇಳುತ್ತದೆ. ಎಷ್ಟು ದಿನದಲ್ಲಿ, ಯಾವ ವಿಧಾನದಲ್ಲಿ ಎಂಬ ಮಾತನ್ನೇ ಎತ್ತುವುದಿಲ್ಲ. ಹಾಗಾಗಿ ಕೆಳಗಿನ ಯಾವ ದಾರಿ ಹಿಡಿದವರೂ ವಿಶ್ವಾಸಪ್ರಮಾಣವನ್ನು ಬಾಯಿತುಂಬ ಹೇಳಬಹುದು. ಒಬ್ಬರು ಇನ್ನೊಬ್ಬರನ್ನು "ನೀನು ಕ್ರೈಸ್ತನೇ ಅಲ್ಲ" ಎನ್ನಲು ಇಲ್ಲಿ ಜಾಗವಿಲ್ಲ.

ಪ್ರತಿ ದಾರಿಗೂ ಇದೇ ಐದು ಪ್ರಶ್ನೆ ಕೇಳಿ: ಭೂಮಿಯ ವಯಸ್ಸೆಷ್ಟು? ಜೀವಿಗಳೆಲ್ಲ ಒಂದೇ ಬೇರಿನವೇ? ಆದಿಕಾಂಡದ 1ನೇ ಅಧ್ಯಾಯ ಯಾವ ಬಗೆಯ ಬರಹ? ಆದಾಮ ಯಾರು? ಪಾಪಕ್ಕೂ ಮುಂಚೆ ಸಾವಿತ್ತೇ?

ದಾರಿ 1: ಎಳೆಯ ಭೂಮಿ

ಆರು ದಿನ ಎಂದರೆ 24 ಗಂಟೆಯ ಆರು ದಿನ. ಭೂಮಿಗೆ 6,000ದಿಂದ 10,000 ವರ್ಷ. ಬಂಡೆಯ ಪದರಗಳಲ್ಲಿ ಬಹುಪಾಲು ನೋಹನ ಕಾಲದ ಜಲಪ್ರಳಯದಲ್ಲಿ ಕೂತ ಕೆಸರು. ಕ್ರಿ.ಪೂ. 4004 ಎಂಬ ಪ್ರಸಿದ್ಧ ಲೆಕ್ಕವನ್ನು ಆರ್ಚ್‌ಬಿಷಪ್ ಅಶ್ಶರ್ 1650ರಲ್ಲಿ ಪ್ರಕಟಿಸಿದರು. ಇದರ ಇಂದಿನ ರೂಪ ಮಾತ್ರ ಜನ ತಿಳಿದಷ್ಟು ಹಳೆಯದಲ್ಲ. ಪ್ರಳಯದಿಂದಲೇ ಭೂವಿಜ್ಞಾನ ಕಟ್ಟುವ ಕೆಲಸವನ್ನು ಅಡ್ವೆಂಟಿಸ್ಟ್ ಲೇಖಕ ಜಾರ್ಜ್ ಮೆಕ್‌ಕ್ರೆಡಿ ಪ್ರೈಸ್ 1920ರ ದಶಕದಲ್ಲಿ ಮಾಡಿದರು. 1961ರಲ್ಲಿ ವಿಟ್‌ಕೂಂಬ್ ಮತ್ತು ಮಾರಿಸ್ ಬರೆದ ಪುಸ್ತಕದ ನಂತರವೇ ಅದು ಅಮೆರಿಕದ ಇವ್ಯಾಂಜೆಲಿಕಲ್ ಸಭೆಗಳಲ್ಲಿ ಹಬ್ಬಿತು. 1925ರಲ್ಲಿ ಟೆನೆಸೀಯ ಡೇಟನ್ ಮೊಕದ್ದಮೆಯಲ್ಲಿ ವಿಕಾಸದ ವಿರುದ್ಧ ನಿಂತ ವಿಲಿಯಂ ಜೆನಿಂಗ್ಸ್ ಬ್ರಯನ್ ಕೂಡ, ಆ ದಿನಗಳು 24 ಗಂಟೆಯವಾಗಿರಬೇಕಿಲ್ಲ ಎಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡಿದ್ದರು.

ಇದರ ಬಲ ಸರಳತೆ. ಓದಿದ್ದು ಓದಿದ ಹಾಗೇ. ಆದಾಮ, ಪಾಪ, ಸಾವು, ಪೌಲನ ಪತ್ರ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತೆ ಕೂರುತ್ತವೆ. ಇದನ್ನು ನಂಬುವವರನ್ನು ನೋಡಿ ನಗುವವರು ಈ ಬಲವನ್ನು ಗಮನಿಸಿಲ್ಲ.

ಬೆಲೆ ಮಾತ್ರ ಬಹಳ ದುಬಾರಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯನ್ನೇ ತೆಗೆದುಕೊಳ್ಳಿ. ಕೆಂಪೇಗೌಡರ ಗೋಪುರ ನಿಂತಿರುವ ಆ ನೈಸ್ ಶಿಲೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಷ್ಟ್ರೀಯ ಭೂಸ್ಮಾರಕ. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಶಿಲೆಗಳ ವಯಸ್ಸನ್ನು ಊಹಿಸುವುದಿಲ್ಲ, ಅಳೆಯುತ್ತಾರೆ. ಶಿಲೆಯೊಳಗೆ ಜಿರ್ಕಾನ್ ಎಂಬ ಮರಳಿನಷ್ಟು ಸಣ್ಣ ಹರಳುಗಳಿರುತ್ತವೆ. ಹರಳು ಕಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹೊರಗಿಡುತ್ತದೆ. ಆದ್ದರಿಂದ ಈಗ ಅದರಲ್ಲಿ ಸಿಗುವ ಸೀಸ ಬಹುಮಟ್ಟಿಗೆ ಯುರೇನಿಯಂ ಕ್ಷಯಿಸಿ ಹುಟ್ಟಿದ್ದು. ಒಂದೇ ಹರಳಿನಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ: ಯುರೇನಿಯಂ-238ರ ಅರ್ಧಾಯುಷ್ಯ (ಅರ್ಧ ಭಾಗ ಕ್ಷಯಿಸಲು ಹಿಡಿಯುವ ಕಾಲ) 447 ಕೋಟಿ ವರ್ಷ, ಯುರೇನಿಯಂ-235ರದ್ದು ಸುಮಾರು 70 ಕೋಟಿ. ವೇಗ ಬೇರೆಬೇರೆಯಾದ ಎರಡೂ ಗಡಿಯಾರ ಒಂದೇ ವಯಸ್ಸು ತೋರಿಸಿದರೆ ಹರಳು ಕೆಟ್ಟಿಲ್ಲ ಎಂದರ್ಥ. ಸೀಸ ಸೋರಿಹೋಗಿದ್ದರೆ ಎರಡರ ಲೆಕ್ಕ ಹೊಂದುವುದಿಲ್ಲ, ಅದು ಕೂಡಲೇ ಗೊತ್ತಾಗುತ್ತದೆ. "ಕಾರ್ಬನ್ ಡೇಟಿಂಗ್ ತಪ್ಪು" ಎನ್ನುವ ವಾಟ್ಸಾಪ್ ವಿಡಿಯೊಗಳು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಸುಮಾರು 50,000 ವರ್ಷ ದಾಟಿದ ವಸ್ತುವಿಗೆ ಅದನ್ನು ಯಾರೂ ಬಳಸುವುದೇ ಇಲ್ಲ, ಬಂಡೆಗಂತೂ ಇಲ್ಲವೇ ಇಲ್ಲ.

ಈ ಪಕ್ಷದವರೇ 1997ರಿಂದ 2005ರವರೆಗೆ ರೇಟ್ ಎಂಬ ಯೋಜನೆ ನಡೆಸಿದರು. ಇಂದಿನ ವೇಗದಲ್ಲಾದರೆ 50 ಕೋಟಿ ವರ್ಷಕ್ಕೂ ಹೆಚ್ಚು ಹಿಡಿಯುವಷ್ಟು ವಿಕಿರಣ ಕ್ಷಯ ಶಿಲೆಗಳಲ್ಲಿ ಆಗಿದೆ ಎಂದು ಅವರೇ ಒಪ್ಪಿದರು. ಹಿಂದೊಮ್ಮೆ ವೇಗ ಹೆಚ್ಚಿತ್ತು ಎಂಬುದು ಅವರ ಸಮಜಾಯಿಷಿ. ಅಷ್ಟು ಕ್ಷಯ ಅಷ್ಟು ಬೇಗ ನಡೆದರೆ ಹುಟ್ಟುವ ಶಾಖಕ್ಕೆ ಭೂಮಿಯೇ ಕರಗಬೇಕು. ಆ ಶಾಖ ಎಲ್ಲಿ ಹೋಯಿತು ಎಂಬುದಕ್ಕೆ ಅವರ ಬಳಿ ಉತ್ತರವಿರಲಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ.

"ದೇವರು ಹಳೆಯದಾಗಿ ಕಾಣುವಂತೆಯೇ ಸೃಷ್ಟಿಸಿದ" ಎಂದು 1857ರಲ್ಲೇ ಫಿಲಿಪ್ ಗಾಸ್ ಹೇಳಿದ್ದರು. ತರ್ಕದಿಂದ ಇದನ್ನು ಸೋಲಿಸಲಾಗದು. ಆದರೆ 1987ರ ಫೆಬ್ರವರಿಯಲ್ಲಿ ಖಗೋಳಜ್ಞರು ಒಂದು ನಕ್ಷತ್ರ ಸಿಡಿದದ್ದನ್ನು ನೋಡಿದರು. ಅದಿರುವ ದೂರ ಸುಮಾರು 1.68 ಲಕ್ಷ ಜ್ಯೋತಿರ್ವರ್ಷ. ವಿಶ್ವಕ್ಕೆ 6,000 ವರ್ಷ ಮಾತ್ರ ಎಂದಾದರೆ ಆ ಸ್ಫೋಟ ನಡೆಯಲೇ ಇಲ್ಲ. ನಡೆಯದ ಘಟನೆಯ ಬೆಳಕನ್ನು ದೇವರು ದಾರಿಯ ಮಧ್ಯದಲ್ಲಿ ಸೃಷ್ಟಿಸಿ ಕಳುಹಿಸಿದ ಎನ್ನಬೇಕಾಗುತ್ತದೆ. ಆಕಾಶವು ದೇವರ ಮಹಿಮೆಯನ್ನು ಪ್ರಚುರಪಡಿಸುತ್ತದೆ ಎಂದು ಹಾಡುವವರಿಗೆ ಇದು ಕಸಿವಿಸಿಯ ಮಾತು.

ಇನ್ನೊಂದು ವಿಚಿತ್ರ. ನೋಹನ ನಾವೆಯಲ್ಲಿ ಎಲ್ಲ ಪ್ರಾಣಿಗಳಿಗೂ ಜಾಗ ಸಾಲದ್ದರಿಂದ, ಬೆಕ್ಕಿನ "ಜಾತಿ"ಗೆ ಒಂದೇ ಜೋಡಿ ಒಳಗೆ ಹೋಯಿತು, ಸಿಂಹ, ಹುಲಿ, ಚಿರತೆ, ಮನೆಬೆಕ್ಕು ಎಲ್ಲ ಆಮೇಲೆ ಅದರಿಂದ ಬಂದವು ಎಂದು ಈ ಪಕ್ಷದ ಪ್ರಮುಖರು ವಿವರಿಸುತ್ತಾರೆ. ಕೆಲವೇ ಶತಮಾನಗಳಲ್ಲಿ ಇಷ್ಟು ಆಗಬೇಕೆಂದರೆ ಅದು ಯಾವ ಡಾರ್ವಿನ್‌ವಾದಿಯೂ ಕೇಳದಷ್ಟು ಧಾವಂತದ ವಿಕಾಸ!

ದಾರಿ 2: ಹಳೆಯ ಭೂಮಿ, ಬಿಡಿಬಿಡಿ ಸೃಷ್ಟಿ

ಇದರಲ್ಲಿ ಒಳಕವಲುಗಳಿವೆ. 1ನೇ ವಚನಕ್ಕೂ 2ನೇ ವಚನಕ್ಕೂ ನಡುವೆ ಕೋಟ್ಯಂತರ ವರ್ಷದ ಬಿಡುವಿತ್ತು ಎಂಬುದು ಒಂದು. ಸ್ಕಾಟ್‌ಲೆಂಡಿನ ಥಾಮಸ್ ಚಾಮರ್ಸ್ 1814ರಲ್ಲಿ ಇದನ್ನು ಜನಪ್ರಿಯಗೊಳಿಸಿದರು. 1909ರ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳಿಂದ ಅದು ದೂರದೂರ ತಲುಪಿತು. ಹೀಬ್ರೂ ಪಠ್ಯ ಇದಕ್ಕೆ ಆಧಾರ ಕೊಡುವುದಿಲ್ಲ. ಇಲ್ಲಿ ಹೆಚ್ಚು ನಿಲ್ಲಬೇಕಿಲ್ಲ.

ಇನ್ನೊಂದು, ದಿನ ಎಂದರೆ ಯುಗ. "ಯೋಮ್" ಎಂಬ ಹೀಬ್ರೂ ಪದಕ್ಕೆ ಕಾಲಾವಧಿ ಎಂಬ ಅರ್ಥವೂ ಇದೆ. ಪೇತ್ರನ ಎರಡನೇ ಪತ್ರವೂ ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎನ್ನುತ್ತದೆ. ಭೂಮಿಯ 454 ಕೋಟಿ ವರ್ಷವನ್ನೂ ವಿಶ್ವದ 1,380 ಕೋಟಿ ವರ್ಷವನ್ನೂ ಹೀಗೆ ನೆಮ್ಮದಿಯಾಗಿ ಒಪ್ಪಬಹುದು. ಎಡವುವುದು ಅವಧಿಯಲ್ಲಲ್ಲ, ಅನುಕ್ರಮದಲ್ಲಿ. ಆದಿಕಾಂಡದಲ್ಲಿ ಹಣ್ಣಿನ ಮರ 3ನೇ ದಿನ, ಸೂರ್ಯ 4ನೇ ದಿನ, ಹಕ್ಕಿ ಮತ್ತು ಕಡಲಿನ ಮಹಾಪ್ರಾಣಿಗಳು 5ನೇ ದಿನ, ನೆಲದ ಪ್ರಾಣಿಗಳು 6ನೇ ದಿನ. ಬಂಡೆಗಳಲ್ಲಿ ನೆಲದ ಪ್ರಾಣಿ ಹಕ್ಕಿಗಿಂತ ಬಹಳ ಮುಂಚೆ. ಹೂಬಿಡುವ ಗಿಡಗಳು ಮೀನಿಗಿಂತ ಬಹಳ ತಡ. ಯುಗಗಳನ್ನು ಎಷ್ಟು ಹಿಗ್ಗಿಸಿದರೂ ಅನುಕ್ರಮ ಸರಿಹೋಗುವುದಿಲ್ಲ.

1986ರಲ್ಲಿ ರೀಸನ್ಸ್ ಟು ಬಿಲೀವ್ ಸಂಸ್ಥೆ ಕಟ್ಟಿದ ಹ್ಯೂ ರಾಸ್ ಅವರಂಥವರು ವಯಸ್ಸನ್ನೆಲ್ಲ ಒಪ್ಪಿ, ಸಮಾನ ಪೂರ್ವಜರನ್ನು ಮಾತ್ರ ಬಿಡುತ್ತಾರೆ: ದೇವರು ಕಾಲಕಾಲಕ್ಕೆ ಹೊಸ ಜೀವಿಗಳನ್ನು ಬಿಡಿಯಾಗಿ ಸೃಷ್ಟಿಸಿದ. ಈ ನಿಲುವಿಗೆ ಕಠಿಣ ಪರೀಕ್ಷೆ ತಿಮಿಂಗಿಲ. ಭೂವಿಜ್ಞಾನಿ ಎ. ರಂಗರಾವ್ ಜಮ್ಮುವಿನ ಕಾಲಾಕೋಟ್ ಬಳಿ ಸಂಗ್ರಹಿಸಿದ್ದ ಕಲ್ಲುಗಳು ಅವರ ಮರಣದ ನಂತರವೂ ಉಳಿದಿದ್ದವು. ಅವುಗಳಲ್ಲಿದ್ದ ನಾಯಿಮರಿಗಿಂತ ತುಸು ದೊಡ್ಡ, ಗೊರಸಿನ ಪ್ರಾಣಿಯೊಂದರ ತಲೆಬುರುಡೆ ಸ್ವಚ್ಛಗೊಳಿಸುವಾಗ ಮುರಿಯಿತು. ಒಳಗೆ ಕಂಡದ್ದು ಒಂದು ಬದಿ ದಪ್ಪಗಿದ್ದ ಕಿವಿಯ ಎಲುಬಿನ ಚಿಪ್ಪು. ಅಂಥ ಚಿಪ್ಪು ತಿಮಿಂಗಿಲ ವಂಶದ ಗುರುತು. 2007ರಲ್ಲಿ ಪ್ರಕಟವಾದ ಈ ಇಂಡೋಹ್ಯೂಸ್ ಸುಮಾರು 4.8 ಕೋಟಿ ವರ್ಷ ಹಿಂದಿನದು. ಜಿಂಕೆಯ ಕಾಲು, ತಿಮಿಂಗಿಲದ ಕಿವಿ. ಬಿಡಿಯಾಗಿ ಸೃಷ್ಟಿಸಿದವನಿಗೆ ಇಂಥ ಬೆರಕೆಯ ಅಗತ್ಯ ಏನಿತ್ತು ಎಂಬುದಕ್ಕೆ ಉತ್ತರ ಸುಲಭವಲ್ಲ.

ನಮ್ಮ ದೇಹದೊಳಗಿನ ಸಾಕ್ಷಿ ಇನ್ನೂ ಗಟ್ಟಿ. ಚಿಂಪಾಂಜಿಗೆ 48 ಕ್ರೋಮೋಸೋಮ್, ನಮಗೆ 46. ಕ್ರೋಮೋಸೋಮಿನ ಎರಡೂ ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರಕ್ಷರದ ಸರಣಿ ಮತ್ತೆಮತ್ತೆ ಬರುತ್ತದೆ, ಹಗ್ಗದ ತುದಿಗೆ ಹಾಕಿದ ಗಂಟಿನ ಹಾಗೆ. ನಮ್ಮ 2ನೇ ಕ್ರೋಮೋಸೋಮಿನಲ್ಲಿ ಈ ಗಂಟು ನಡುಭಾಗದಲ್ಲೂ ಇದೆ, ಎರಡು ತುದಿ ಎದುರುಬದುರಾಗಿ ಕೂಡಿದಂತೆ. 1991ರಲ್ಲಿ ಇದು ಪತ್ತೆಯಾಯಿತು. ಎರಡು ಹಗ್ಗ ಸೇರಿಸಿದ ಜಾಗ ಅದು. ವಿಟಮಿನ್ ಸಿ ಕಥೆಯೂ ಹೀಗೇ: ಮೇಕೆ, ನಾಯಿ, ಹಸು ತಮ್ಮ ದೇಹದಲ್ಲೇ ಅದನ್ನು ತಯಾರಿಸುತ್ತವೆ, ನಮಗೆ ನೆಲ್ಲಿಕಾಯಿಯೋ ನಿಂಬೆಯೋ ಬೇಕು. ಅದನ್ನು ತಯಾರಿಸುವ ಜೀನ್ ನಮ್ಮಲ್ಲೂ ಇದೆ, ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ಅದೇ ಜಾಗದಲ್ಲಿ ಕೆಟ್ಟಿದೆ. ಒಂದೇ ವಿನ್ಯಾಸಕಾರ ಒಂದೇ ಒಳ್ಳೆಯ ಭಾಗವನ್ನು ಎರಡು ಕಡೆ ಬಳಸಿದ ಎನ್ನಬಹುದು. ಒಂದೇ ಕೆಟ್ಟ ಭಾಗವನ್ನು ಎರಡು ಕಡೆ ಇಟ್ಟ ಎನ್ನುವುದು ಕಷ್ಟ. ಪರೀಕ್ಷೆಯ ಎರಡು ಉತ್ತರಪತ್ರಿಕೆಯಲ್ಲಿ ಸರಿಯುತ್ತರ ಒಂದೇ ಇದ್ದರೆ ಮೇಷ್ಟ್ರು ಸುಮ್ಮನಿರುತ್ತಾರೆ, ತಪ್ಪು ಒಂದೇ ಆಗಿದ್ದರೆ ಹಿಡಿಯುತ್ತಾರೆ.

ದಾರಿ 3: ಬುದ್ಧಿಪೂರ್ವಕ ವಿನ್ಯಾಸ

ಕೆಲವು ರಚನೆಗಳು ಹಂತಹಂತವಾಗಿ ಬಂದಿರಲು ಸಾಧ್ಯವಿಲ್ಲ, ಒಂದು ಭಾಗ ತೆಗೆದರೂ ಕೆಲಸ ನಿಲ್ಲುತ್ತದೆ, ಆದ್ದರಿಂದ ಒಬ್ಬ ವಿನ್ಯಾಸಕಾರನಿದ್ದಾನೆ ಎಂಬ ವಾದ. 1996ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ಮೈಕಲ್ ಬೀಹೀ ಕೊಟ್ಟ ಪ್ರಸಿದ್ಧ ಉದಾಹರಣೆ ಬ್ಯಾಕ್ಟೀರಿಯಾದ ಬಾಲ, ಅಂದರೆ ಅದರ ಬುಡದಲ್ಲಿ ತಿರುಗುವ ಮೋಟರ್. ಮೂಲಭೂತವಾದಿ ಎಂದು ಬೀಹೀಯನ್ನು ತಳ್ಳಿಹಾಕುವವರು ತಿಳಿಯಬೇಕು: ಅವರು ಕಥೋಲಿಕರು, ಸಮಾನ ಪೂರ್ವಜರನ್ನೂ ಹಳೆಯ ಭೂಮಿಯನ್ನೂ ಒಪ್ಪುತ್ತಾರೆ.

ಇದನ್ನು ಶಾಲೆಯಲ್ಲಿ ಕಲಿಸಬಹುದೇ ಎಂಬ ಅಮೆರಿಕದ ಪೆನ್ಸಿಲ್ವೇನಿಯದ ಡೋವರ್ ಮೊಕದ್ದಮೆಯಲ್ಲಿ ಅವರ ಎದುರು ಸಾಕ್ಷಿ ಹೇಳಿದ ಜೀವವಿಜ್ಞಾನಿ ಕೆನೆತ್ ಮಿಲ್ಲರ್ ಕೂಡ ಕಥೋಲಿಕರೇ. ಆ ಮೋಟರಿನ ಕೆಲವೇ ಭಾಗಗಳಿಂದಾದ ಇನ್ನೊಂದು ಯಂತ್ರ ಬ್ಯಾಕ್ಟೀರಿಯಾಗಳಲ್ಲಿದೆ. ಅದು ತಿರುಗುವುದಿಲ್ಲ, ವಿಷ ಚುಚ್ಚುವ ಸೂಜಿಯಾಗಿ ಕೆಲಸ ಮಾಡುತ್ತದೆ ಎಂದು ಅವರು ತೋರಿಸಿದರು. ಭಾಗ ತೆಗೆದರೆ ಕೆಲಸ ನಿಲ್ಲಲಿಲ್ಲ, ಬದಲಾಯಿತು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಬುದ್ಧಿಪೂರ್ವಕ ವಿನ್ಯಾಸ ವಿಜ್ಞಾನವಲ್ಲ ಎಂದು ತೀರ್ಪಿತ್ತರು.

ನಮ್ಮ ತಕರಾರು ಕೋರ್ಟಿನದಲ್ಲ, ದೇವಶಾಸ್ತ್ರದ್ದು. ಗೊತ್ತಿಲ್ಲದ ಜಾಗದಲ್ಲೆಲ್ಲ ದೇವರನ್ನು ಕೂರಿಸಿದರೆ, ಗೊತ್ತಾದಂತೆಲ್ಲ ದೇವರು ಎದ್ದು ಜಾಗ ಬಿಡಬೇಕಾಗುತ್ತದೆ. ಗ್ರಹಗಳ ಕಕ್ಷೆ ಹದ ತಪ್ಪದಂತೆ ದೇವರು ಆಗಾಗ ಸರಿಪಡಿಸುತ್ತಿರಬೇಕು ಎಂದು ನ್ಯೂಟನ್ ಭಾವಿಸಿದ್ದರು. ಲಾಪ್ಲಾಸ್ ಲೆಕ್ಕ ಹಾಕಿದ ಮೇಲೆ ಆ ಕೆಲಸಕ್ಕೆ ದೇವರು ಬೇಕಾಗಲಿಲ್ಲ.

ದಾರಿ 4: ವಿಕಾಸದ ಮೂಲಕ ಸೃಷ್ಟಿ

ದೇವರು ಸೃಷ್ಟಿಕರ್ತ, ವಿಕಾಸ ಅವನ ವಿಧಾನ. ಇದು ನಿನ್ನೆ ಮೊನ್ನೆ ಮಾಡಿಕೊಂಡ ರಾಜಿಯಲ್ಲ. ಡಾರ್ವಿನ್‌ರ ಪುಸ್ತಕ 1859ರ ನವೆಂಬರಿನಲ್ಲಿ ಬಂದಾಗ ಅಮೆರಿಕದಲ್ಲಿ ಅದರ ಪರ ಮೊದಲು ನಿಂತವರು ಹಾರ್ವರ್ಡಿನ ಸಸ್ಯವಿಜ್ಞಾನಿ ಏಸಾ ಗ್ರೇ, ಶ್ರದ್ಧಾವಂತ ಪ್ರೆಸ್ಬಿಟೇರಿಯನ್. ಸ್ವತಃ ಡಾರ್ವಿನ್ 1879ರ ಒಂದು ಪತ್ರದಲ್ಲಿ, ಒಬ್ಬ ಮನುಷ್ಯ ಗಾಢ ಆಸ್ತಿಕನೂ ವಿಕಾಸವಾದಿಯೂ ಆಗಿರಬಹುದೆಂಬುದನ್ನು ಸಂಶಯಿಸುವುದೇ ಅಸಂಬದ್ಧ ಎಂದರು. ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಮಠವಾಸಿ. ಆಧುನಿಕ ವಿಕಾಸ ವಿಜ್ಞಾನ ಕಟ್ಟಿದವರಲ್ಲಿ ಒಬ್ಬರಾದ ಡಾಬ್‌ಝಾನ್‌ಸ್ಕಿ ಆರ್ಥೊಡಾಕ್ಸ್ ಕ್ರೈಸ್ತರು. ಮಾನವ ಜೀನೋಮ್ ಯೋಜನೆಯ ಮುಂದಾಳು ಫ್ರಾನ್ಸಿಸ್ ಕಾಲಿನ್ಸ್ 2007ರಲ್ಲಿ ಬಯೋಲೋಗೋಸ್ ಸಂಸ್ಥೆ ಕಟ್ಟಿದ್ದು ಇದೇ ನಿಲುವಿಗಾಗಿ.

ಇದರ ನಡುಗಂಬ ಒಂದು ಹಳೆಯ ತಿಳಿವಳಿಕೆ: ದೇವರ ಕೆಲಸವೂ ಪ್ರಕೃತಿಯ ಕೆಲಸವೂ ಒಂದು ಕುರ್ಚಿಗಾಗಿ ಜಗಳವಾಡುವ ಇಬ್ಬರಲ್ಲ. "ನಮ್ಮ ಅನುದಿನದ ಆಹಾರವನ್ನು ದಯಪಾಲಿಸು" ಎಂದು ದಿನಾ ಪ್ರಾರ್ಥಿಸುವವರಿಗೆ ಅಕ್ಕಿ ಗದ್ದೆಯಿಂದ, ಮುಂಗಾರಿನಿಂದ, ರೇಷನ್ ಅಂಗಡಿಯಿಂದ ಬರುತ್ತದೆಂದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಊಟಕ್ಕೆ ಮುಂಚೆ ಸ್ತೋತ್ರ ಹೇಳುತ್ತಾರೆ, ಅದರಲ್ಲಿ ಮೋಸವಿಲ್ಲ. ತಾಯಿಯ ಗರ್ಭದಲ್ಲಿ ನನ್ನನ್ನು ರೂಪಿಸಿದವನು ನೀನೇ ಎಂದು 139ನೇ ಕೀರ್ತನೆ ಹಾಡುತ್ತದೆ. ಅದನ್ನು ಓದಿದವರಾರೂ ಭ್ರೂಣಶಾಸ್ತ್ರ ಸುಳ್ಳು ಎಂದು ಸ್ಕ್ಯಾನಿಂಗ್ ಬಿಟ್ಟಿಲ್ಲ. ಒಂಬತ್ತು ತಿಂಗಳಿಗೆ ಒಪ್ಪುವ ಲೆಕ್ಕವನ್ನು 400 ಕೋಟಿ ವರ್ಷಕ್ಕೂ ಒಪ್ಪಿ ಎಂಬುದಷ್ಟೇ ಈ ದಾರಿಯ ಕೋರಿಕೆ. ಆದಿಕಾಂಡದಲ್ಲೇ "ಭೂಮಿಯಿಂದ ಜೀವಜಂತುಗಳು ಉಂಟಾಗಲಿ" ಎಂಬ ಅರ್ಥದ ಅಪ್ಪಣೆ ಭೂಮಿಗೇ ಹೋಗುತ್ತದೆ. ಸುಮಾರು 1,600 ವರ್ಷಗಳ ಹಿಂದೆ ಅಗಸ್ಟೀನರು, ದೇವರು ಬೀಜರೂಪದ ಶಕ್ತಿಗಳನ್ನಿಟ್ಟು ಅವು ಕಾಲಕ್ಕೆ ತಕ್ಕಂತೆ ಅರಳುವಂತೆ ಮಾಡಿದ ಎಂದು ಬರೆದಿದ್ದರು. ಆಕಾಶ, ನಕ್ಷತ್ರಗಳ ಬಗ್ಗೆ ಕ್ರೈಸ್ತನೊಬ್ಬ ತಿಳಿಯದೆ ಮಾತಾಡಿ ಅನ್ಯರ ನಗೆಗೀಡಾಗುವುದನ್ನು ಕಟುವಾಗಿ ಆಕ್ಷೇಪಿಸಿದವರೂ ಅವರೇ.

ಹಾಗಾದರೆ ಆದಿಕಾಂಡ 1 ಯಾವ ಬಗೆಯ ಬರಹ? ಪ್ರಾಚೀನ ಸಮೀಪಪ್ರಾಚ್ಯದ ಜನ ಜಗತ್ತನ್ನು ಕಂಡ ರೀತಿಯಲ್ಲೇ, ಆದರೆ ಅವರ ದೇವರುಗಳನ್ನು ಕೆಳಗಿಳಿಸಿ ಬರೆದ ಘೋಷಣೆ. ಹಳೆಯ ಕನ್ನಡ ಬೈಬಲಿನ "ಗುಮಟ" ಎಂಬ ಪದವನ್ನೇ ನೋಡಿ: ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರ್ಪಡಿಸುವ ಗುಮಟ. ಇಂದು ಯಾವ ಎಳೆಯ ಭೂಮಿಯ ಪಕ್ಷದವರೂ ಆಕಾಶದಲ್ಲಿ ಗಟ್ಟಿ ಗುಮಟ ಇದೆ ಎನ್ನುವುದಿಲ್ಲ. ಅಲ್ಲಿಗೆ ಅವರೂ ಅಕ್ಷರಶಃ ಓದುತ್ತಿಲ್ಲ. ಬಾಬಿಲೋನಿನವರು ಪೂಜಿಸುತ್ತಿದ್ದ ಸೂರ್ಯಚಂದ್ರರಿಗೆ ಇಲ್ಲಿ ಹೆಸರೂ ಇಲ್ಲ, ದೊಡ್ಡ ದೀಪ, ಚಿಕ್ಕ ದೀಪ ಅಷ್ಟೇ.

ಎಲ್ಲಿ ಕೆಡುತ್ತದೆ? ಒಂದು, ದೇವರು ಮೊದಲ ಬತ್ತಿ ಹಚ್ಚಿ ಎದ್ದುಹೋದ ಎಂಬಂತೆ ಹೇಳಿಬಿಡುವುದು. ಅದು ಕ್ರೈಸ್ತ ನಂಬಿಕೆಯೇ ಅಲ್ಲ. ಎರಡು, ಇದಕ್ಕೆ ಉಲ್ಟಾ, ಪ್ರತಿ ಮ್ಯುಟೇಶನ್ನನ್ನೂ (ಡಿಎನ್‌ಎಯಲ್ಲಿ ಆಗುವ ಬದಲಾವಣೆಯನ್ನೂ) ದೇವರು ಗುಟ್ಟಾಗಿ ತಳ್ಳಿದ ಎನ್ನುವುದು. ಏಸಾ ಗ್ರೇ ಆ ಕಡೆ ವಾಲಿದಾಗ ಡಾರ್ವಿನ್ ಒಪ್ಪಲಿಲ್ಲ. ಮತ್ತೆ ಅದು ಖಾಲಿ ಜಾಗ ತುಂಬುವ ದೇವರೇ. ಮೂರು, "ಆಕಸ್ಮಿಕ" ಎಂಬ ಪದಕ್ಕೆ ಹೆದರುವುದು. ಮ್ಯುಟೇಶನ್ ಆಕಸ್ಮಿಕ ಎಂದರೆ ಜೀವಿಗೆ ಏನು ಬೇಕೋ ಅದನ್ನು ನೋಡಿ ಬರುವುದಿಲ್ಲ ಎಂದಷ್ಟೇ ಅರ್ಥ. ಜಗತ್ತಿಗೆ ಉದ್ದೇಶವಿಲ್ಲ ಎಂದಲ್ಲ. ಮಡಿಲಲ್ಲಿ ಹಾಕಿದ ಚೀಟಿಯ ತೀರ್ಪೂ ದೇವರದೇ ಎಂದು ಜ್ಞಾನೋಕ್ತಿಗಳು ಹೇಳುತ್ತವೆ.

ದಾರಿ 5: ಎರಡನ್ನೂ ಬೇರೆ ಕೋಣೆಯಲ್ಲಿ ಇಡುವುದು

ವಿಜ್ಞಾನ ಸಂಗತಿ ಹೇಳಲಿ, ಧರ್ಮ ಮೌಲ್ಯ ಹೇಳಲಿ, ಪರಸ್ಪರ ತಂಟೆ ಬೇಡ ಎಂದು 1997ರಲ್ಲಿ ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಸೂಚಿಸಿದರು. ಸ್ಟಾಫ್ ರೂಮಿನಲ್ಲಿ ಶಾಂತಿ ಕಾಪಾಡಲು ಒಳ್ಳೆಯದು. ಆದರೆ ಯೇಸು ಮೂರನೇ ದಿನ ಎದ್ದನು ಎಂಬುದು ಮೌಲ್ಯವಲ್ಲ, ನಡೆದ ಸಂಗತಿ ಎಂದೇ ಕ್ರೈಸ್ತರು ಹೇಳುವುದು. ಆ ಬಾಗಿಲು ಮುಚ್ಚಿದರೆ ನಂಬಿಕೆಯೂ ಕೋಣೆಯಲ್ಲೇ ಉಳಿಯುತ್ತದೆ.

ನಿಜವಾದ ಗಂಟು: ಆದಾಮ

ಭೂಮಿಯ ವಯಸ್ಸಿನ ಜಗಳ ಹೆಚ್ಚು ಸದ್ದು ಮಾಡುತ್ತದೆ, ಆದರೆ ಬಿಡಿಸಲು ಕಷ್ಟವಾದದ್ದು ಇದು. ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ ನಮ್ಮ ಪ್ರಭೇದದ ಎಲುಬುಗಳಿಗೆ ಸುಮಾರು 3 ಲಕ್ಷ ವರ್ಷ. ಇಂದಿನ ಜನರ ಡಿಎನ್‌ಎ ವೈವಿಧ್ಯ ನೋಡಿದರೆ, ಕಳೆದ ಕೆಲವು ಲಕ್ಷ ವರ್ಷಗಳಲ್ಲಿ ನಮ್ಮ ಪೂರ್ವಜರು ಯಾವಾಗಲೂ ಸಾವಿರಾರು ಮಂದಿಯ ಗುಂಪಾಗಿದ್ದರು, ಇಬ್ಬರಿಗೆ ಇಳಿದಿರಲಿಲ್ಲ ಎಂಬುದು ತಳಿವಿಜ್ಞಾನಿಗಳ ಲೆಕ್ಕ. ಇತ್ತ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಪೌಲನು ಒಬ್ಬ ಮನುಷ್ಯನಿಂದ ಪಾಪ, ಒಬ್ಬ ಮನುಷ್ಯನಿಂದ ಕೃಪೆ ಎಂದು ತೂಗುತ್ತಾನೆ. 4ನೇ ದಾರಿ ಹಿಡಿದವರು ಇಲ್ಲಿ ಮತ್ತೆ ಆರಿಸಬೇಕು.

ಆದಾಮ ಪ್ರತಿ ಮನುಷ್ಯನ ಚಿತ್ರ ಎನ್ನುವುದು ಸುಲಭ. ಹೀಬ್ರೂವಿನಲ್ಲಿ "ಆದಾಮ್" ಎಂದರೆ ಮನುಷ್ಯ, "ಅದಾಮಾ" ಎಂದರೆ ಮಣ್ಣು. ಆಗ ಪೌಲನ ತಕ್ಕಡಿಯ ಒಂದು ತಟ್ಟೆಯಲ್ಲಿ ವ್ಯಕ್ತಿ, ಇನ್ನೊಂದರಲ್ಲಿ ಸಂಕೇತ ಕೂರುತ್ತದೆ. ಇನ್ನು ಕೆಲವರು, ಬ್ರಿಟನ್ನಿನ ಜಾನ್ ಸ್ಟಾಟ್ ಅವರಂಥವರು, ಇದ್ದ ಜನರ ನಡುವಿನಿಂದ ದೇವರು ಒಬ್ಬನನ್ನು ಕರೆದು ಎಲ್ಲರ ಪ್ರತಿನಿಧಿಯಾಗಿ ನಿಲ್ಲಿಸಿದ ಎನ್ನುತ್ತಾರೆ. ಅಬ್ರಹಾಮನನ್ನು ಕರೆದ ಹಾಗೆ. ಅಮೆರಿಕದ ಕ್ರೈಸ್ತ ತತ್ವಶಾಸ್ತ್ರಜ್ಞ ವಿಲಿಯಂ ಲೇನ್ ಕ್ರೇಗ್ 2021ರಲ್ಲಿ ಆದಾಮನನ್ನು 7.5 ಲಕ್ಷ ವರ್ಷಕ್ಕೂ ಹಿಂದಕ್ಕೆ, ನಮ್ಮ ಪ್ರಭೇದಕ್ಕೂ ಹಿಂದಿನ ಹೈಡೆಲ್‌ಬರ್ಗ್ ಮಾನವನ ಕಾಲಕ್ಕೆ ಒಯ್ದರು. ಅಷ್ಟು ಹಿಂದಕ್ಕೆ ಹೋದರೆ ಕಾಯಿನನ ಹೊಲ, ಹೇಬೆಲನ ಕುರಿ, ಊರು ಕಟ್ಟಿದ್ದು ಇವೆಲ್ಲ ಕಾಲಕ್ಕೆ ಹೊಂದುವುದಿಲ್ಲ.

ನಮಗೆ ಹೆಚ್ಚು ಉಪಯುಕ್ತವೆನಿಸಿರುವುದು ಅಮೆರಿಕದ ಜೀವವಿಜ್ಞಾನಿ ಜೋಶುವ ಸ್ವಾಮಿದಾಸ್ 2019ರಲ್ಲಿ ಮುಂದಿಟ್ಟ ವಂಶಾವಳಿಯ ಲೆಕ್ಕ. ನಿಮಗೆ ಇಬ್ಬರು ಹೆತ್ತವರು, ನಾಲ್ವರು ಅಜ್ಜ-ಅಜ್ಜಿಯರು. 10 ತಲೆಮಾರು ಹಿಂದೆ 1,024. 30 ತಲೆಮಾರು ಹಿಂದೆ, ಅಂದರೆ ಹೊಯ್ಸಳರ ಕಾಲದ ಸುಮಾರಿಗೆ, 107 ಕೋಟಿ. ಆಗ ಜಗತ್ತಿನ ಜನಸಂಖ್ಯೆಯೇ ಅದರ ಅರ್ಧಕ್ಕಿಂತ ಕಡಿಮೆ! ಅಂದರೆ ಒಬ್ಬರೇ ಅನೇಕ ದಾರಿಗಳಿಂದ ನಮ್ಮ ಪೂರ್ವಜರಾಗಿರುತ್ತಾರೆ, ವಂಶಗಳು ಬೇಗ ಹೆಣೆದುಕೊಳ್ಳುತ್ತವೆ. ಹೀಗಿರುವಾಗ ಕೆಲವು ಸಾವಿರ ವರ್ಷಗಳ ಹಿಂದೆ ದೇವರು ವಿಶೇಷವಾಗಿ ಸೃಷ್ಟಿಸಿದ ಒಂದು ಜೋಡಿ ಇದ್ದು, ಅವರ ಸಂತತಿ ಹೊರಗಿನ ಜನರೊಂದಿಗೆ ಬೆರೆತಿದ್ದರೆ, ಕ್ರಿಸ್ತನ ಕಾಲಕ್ಕೆ ಎಲ್ಲರೂ ಅವರ ವಂಶಜರಾಗಿರಬಹುದು. ಅಷ್ಟು ದೂರದ ಬಹುತೇಕ ಪೂರ್ವಜರ ಡಿಎನ್‌ಎ ನಮ್ಮಲ್ಲಿ ಉಳಿಯುವುದೇ ಇಲ್ಲವಾದ್ದರಿಂದ ತಳಿವಿಜ್ಞಾನ ಇದನ್ನು ಸಾಬೀತು ಮಾಡುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಕಾಯಿನನು ತನ್ನನ್ನು ಕಂಡವರು ಕೊಂದಾರೆಂದು ಹೆದರಿದ್ದು ಯಾರಿಗೆ, ಅವನ ಹೆಂಡತಿ ಎಲ್ಲಿಂದ ಬಂದಳು ಎಂಬ ಹಳೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಬೆಲೆ ಏನೆಂದರೆ, ಆ "ಹೊರಗಿನವರು" ದೇವಸ್ವರೂಪಿಗಳೇ ಅಲ್ಲವೇ ಎಂಬುದು. ಜಾತಿಯ ನಾಡಿನಲ್ಲಿ ಇದನ್ನು ಕಲಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. ಇಂದು ಬದುಕಿರುವ ಪ್ರತಿಯೊಬ್ಬರೂ ಆ ವಂಶದವರೇ ಎಂಬ ಸಾಲನ್ನು ಮೊದಲು ಹೇಳಿ, ಆಮೇಲೆ ಮುಂದುವರಿಯಿರಿ.

ಸಾವು, ನೋವು

ಹಳೆಯ ಭೂಮಿ ಒಪ್ಪಿದವರೆಲ್ಲರಿಗೂ ಇರುವ ಬಾಕಿ ಇದು. ಜೀವಂತ ಹುಳುವಿನೊಳಗೆ ಮೊಟ್ಟೆಯಿಟ್ಟು, ಮರಿಗಳು ಅದನ್ನು ಒಳಗಿಂದ ತಿಂದು ಬರುವ ಕಣಜವನ್ನು ದಯಾಳು ದೇವರು ಬೇಕೆಂದೇ ಸೃಷ್ಟಿಸಿದ ಎಂದು ತನಗೆ ನಂಬಲಾಗದು ಎಂದು ಡಾರ್ವಿನ್ 1860ರ ಮೇ ತಿಂಗಳಲ್ಲಿ ಏಸಾ ಗ್ರೇಗೆ ಬರೆದರು. ಬೈಬಲಿನಲ್ಲಿ ಒಂದು ಕಡೆ ಆಸರೆಯಿದೆ: 104ನೇ ಕೀರ್ತನೆಯಲ್ಲಿ ಪ್ರಾಯದ ಸಿಂಹಗಳು ಬೇಟೆಗಾಗಿ ಗರ್ಜಿಸಿ ದೇವರಿಂದಲೇ ಆಹಾರ ಕೇಳುತ್ತವೆ, ಅದನ್ನು ಪಾಪದ ಫಲ ಎಂದು ಕೀರ್ತನೆಕಾರ ಹೇಳುವುದಿಲ್ಲ. ತಿಂದ ದಿನವೇ ಸಾಯುವಿ ಎಂಬ ಮಾತು ಕೇಳಿದ ಆದಾಮ 930 ವರ್ಷ ಬದುಕಿದ. ಹಾಗಾಗಿ ಆ ಸಾವು ದೇವರಿಂದ ಅಗಲುವಿಕೆ ಎಂಬ ಓದು ಬಲವಂತದ್ದಲ್ಲ. ಇಷ್ಟರಿಂದ ಕಣಜದ ಪ್ರಶ್ನೆ ತೀರಿತು ಎನ್ನಬೇಡಿ. ತೀರಿಲ್ಲ. ಶಿಲುಬೆಯ ಕಡೆ ಕೈ ತೋರಿಸಬಹುದು, ಲೆಕ್ಕ ಒಪ್ಪಿಸಲಾಗದು.

ನಿಮ್ಮ ಸಭೆ ಎಲ್ಲಿ ನಿಂತಿದೆ, ನೀವು ಏನು ಮಾಡಬಹುದು

ಕಥೋಲಿಕರಿಗೆ ಗಡಿ ಸ್ಪಷ್ಟವಾಗಿದೆ. 1950ರಲ್ಲಿ 12ನೇ ಪಿಯುಸ್ ದೇಹದ ವಿಕಾಸವನ್ನು ಚರ್ಚಿಸಬಹುದು, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದರು. ಅನೇಕ ಮೂಲಪಿತೃಗಳಿದ್ದರು ಎಂಬುದು ಜನ್ಮಪಾಪದ ಬೋಧನೆಗೆ ಹೇಗೆ ಹೊಂದುತ್ತದೆಂದು ಕಾಣುತ್ತಿಲ್ಲ ಎಂದೂ ಸೇರಿಸಿದರು. ಆ ಮಾತು ಬಾಗಿಲಿಗೆ ಬೀಗವೋ ಬರೀ ಚಿಲಕವೋ ಎಂಬ ಚರ್ಚೆ ಇನ್ನೂ ಇದೆ. 1996ರಲ್ಲಿ 2ನೇ ಜಾನ್ ಪಾಲ್ ವಿಕಾಸ ಬರೀ ಊಹೆಗಿಂತ ಹೆಚ್ಚಿನದು ಎಂದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ದೇವರು ಮಂತ್ರದಂಡ ಹಿಡಿದ ಜಾದೂಗಾರನಲ್ಲ ಎಂದರು. ಇನ್ನೊಂದು ತುದಿಯಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟರು: 2015ರಲ್ಲಿ ತಮ್ಮ ವಿಶ್ವಾಸದ ಹೇಳಿಕೆಯನ್ನು ತಿದ್ದಿ, ಇತ್ತೀಚಿನ ಆರು ದಿನದ ಸೃಷ್ಟಿ ಎಂದು ಖಚಿತಪಡಿಸಿದರು. ಅಲ್ಲಿ ಬೋಧಕರಾಗಿದ್ದು 4ನೇ ದಾರಿ ಹಿಡಿಯುವುದು ಕಷ್ಟ. ಉಳಿದ ಸಭೆಗಳಲ್ಲಿ ಲಿಖಿತ ವಿಶ್ವಾಸದ ಹೇಳಿಕೆಯನ್ನು ತರಿಸಿ ಓದಿ. ವೇದಿಕೆಯಲ್ಲಿ ಜೋರಾಗಿ ಹೇಳಿದ್ದೆಲ್ಲ ಅದರಲ್ಲಿ ಇರುವುದಿಲ್ಲ.

ನಮ್ಮನ್ನು ಕೇಳಿದರೆ 4ನೇ ದಾರಿಯೇ ಗಟ್ಟಿ, ಆದಾಮನ ವಿಷಯದಲ್ಲಿ ಪ್ರತಿನಿಧಿ ಮತ್ತು ವಂಶಾವಳಿ ಎರಡನ್ನೂ ತೆರೆದಿಟ್ಟುಕೊಂಡು. ಕಣಜದ ಬಾಕಿಯನ್ನು ಹೊತ್ತುಕೊಂಡೇ ಹೀಗೆ ಹೇಳುತ್ತಿದ್ದೇವೆ. ಎಳೆಯ ಭೂಮಿ ನಂಬುವ ಮನೆಯ ಹಿರಿಯರನ್ನು ವಾದದಲ್ಲಿ ಸೋಲಿಸಲು ಹೋಗಬೇಡಿ. ಮಕ್ಕಳಿಗೆ ಮಾತ್ರ "ಇದೊಂದೇ ದಾರಿ, ಇಲ್ಲದಿದ್ದರೆ ಬೈಬಲ್ಲೇ ಸುಳ್ಳು" ಎಂದು ಹೇಳಬಾರದು: ಕಾಲೇಜಿನಲ್ಲಿ ಜಿರ್ಕಾನ್ ಗಡಿಯಾರ ಕಂಡ ದಿನ ಅವರು ಆ ಮಾತನ್ನು ಪೂರ್ತಿಯಾಗಿ ನಂಬಿ, ಎರಡನೇ ಅರ್ಧವನ್ನು ಆರಿಸಿಕೊಳ್ಳುತ್ತಾರೆ.

ಸಂಡೇ ಸ್ಕೂಲಿನ ದೊಡ್ಡ ಮಕ್ಕಳ ತರಗತಿಗೆ 40 ನಿಮಿಷ, ಒಂದು ಕಪ್ಪುಹಲಗೆ ಸಾಕು. ಡಾರ್ವಿನ್ ಹೆಸರು ಎತ್ತಬೇಡಿ. 1ನೇ ಅಧ್ಯಾಯವನ್ನು ಮಕ್ಕಳೇ ಓದಿ ಆರು ದಿನಗಳನ್ನು ಎರಡು ಕಂಬಸಾಲಿನಲ್ಲಿ ಬರೆಯಲಿ: ಎಡಕ್ಕೆ 1, 2, 3, ಬಲಕ್ಕೆ 4, 5, 6. ಬೆಳಕಿನ ಎದುರು ದೀಪಗಳು, ನೀರು-ಆಕಾಶದ ಎದುರು ಮೀನು-ಹಕ್ಕಿ, ಒಣನೆಲದ ಎದುರು ಪ್ರಾಣಿ ಮತ್ತು ಮನುಷ್ಯ ಬಂದು ಕೂರುತ್ತವೆ. ಮೊದಲು ಮೂರು ಮನೆ, ಆಮೇಲೆ ಮೂರು ಒಕ್ಕಲು. ಸೂರ್ಯನಿಗಿಂತ ಮುಂಚೆ ಬೆಳಿಗ್ಗೆ ಸಂಜೆ ಹೇಗಾಯಿತು ಎಂದು ಯಾರಾದರೂ ಕೇಳಿದರೆ, ಮೂರನೇ ಶತಮಾನದ ಒರಿಗೆನರೂ ಇದನ್ನೇ ಕೇಳಿದ್ದರು ಎಂದು ಹೇಳಿ. ನಂತರ 2ನೇ ಅಧ್ಯಾಯ ಓದಿಸಿ ಅದರ ಕ್ರಮವನ್ನು ಪಕ್ಕದಲ್ಲೇ ಬರೆಸಿ: ಮನುಷ್ಯ, ಮರಗಳು, ಪ್ರಾಣಿಗಳು, ಸ್ತ್ರೀ. ಎರಡು ಕ್ರಮ ಬೇರೆ ಎಂಬುದನ್ನು ನೀವು ಬಾಯಿಬಿಟ್ಟು ಹೇಳಬೇಕಿಲ್ಲ. ಹಿಂದಿನ ಬೆಂಚಿನಿಂದಲೇ ಬರುತ್ತದೆ. ಗಂಟೆ ಬಾರಿಸಿದ ಮೇಲೆ ಹಲಗೆ ಅಳಿಸಬೇಡಿ, ಮುಂದಿನ ಭಾನುವಾರದ ಪಾಠ ಅಲ್ಲಿಂದಲೇ ಶುರು.